ಚುಸೊಕ್ ಹಬ್ಬದ ಸಿಯೋಲ್: ಮೊದಲು ನೋಡಿ, ಆಮೇಲೆ ಕೊಳ್ಳಿ

ಕೇಳುಗರಿಗೆ ನಮಸ್ಕಾರ. ಮಗನೋ ಮಗಳೋ ಕೊರಿಯಾದಲ್ಲಿ ಓದುತ್ತಿದ್ದಾರೆ, ಒಮ್ಮೆ ಹೋಗಿ ನೋಡಿಕೊಂಡು ಬರೋಣ ಅಂತ ಯೋಚಿಸುತ್ತಿರುವ ಅಪ್ಪ ಅಮ್ಮಂದಿರಿಗೆ ನನ್ನ ಈ ಮಾತು. ಚುಸೊಕ್ ಹಬ್ಬದಲ್ಲಿ ಮಕ್ಕಳಿಗೂ ಬಿಡುವು ಸಿಗುತ್ತದೆ. ಹಾಗಾಗಿ ನೀವೂ ಆಗಲೇ ಹೊರಡುತ್ತೀರಿ. ಕೈಯಲ್ಲಿರುವುದು ಲೆಕ್ಕದ ದುಡ್ಡು. ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಡಿ: ಹಬ್ಬದಲ್ಲಿ ನೋಡಿ, ಹಬ್ಬ ಕಳೆದ ಮೇಲೆ ಕೊಳ್ಳಿ.

ಚುಸೊಕ್ ಅವರ ಸುಗ್ಗಿ ಹಬ್ಬ. ಅವರ ಪಂಚಾಂಗದ ಎಂಟನೇ ತಿಂಗಳ ಹುಣ್ಣಿಮೆಗೆ ಬರುತ್ತದೆ. ನಮ್ಮಲ್ಲಿ ಅನಂತನ ಹುಣ್ಣಿಮೆಯೋ ಸೀಗಿ ಹುಣ್ಣಿಮೆಯೋ ಇರುವ ಹೊತ್ತು ಅದು. ಹಿಂದಿನ ದಿನ, ಹಬ್ಬದ ದಿನ, ಮಾರನೇ ದಿನ, ಒಟ್ಟು 3 ದಿನ ರಜೆ. ಸಿಯೋಲ್‌ನ ಜನ ಗುಂಪುಗುಂಪಾಗಿ ಊರಿಗೆ ಹೊರಡುತ್ತಾರೆ. ಹಿರಿಯರಿಗೆ ಎಡೆ ಇಡಬೇಕು, ಸಮಾಧಿಗೆ ಹೋಗಿ ನಮಸ್ಕಾರ ಮಾಡಬೇಕು. ರೈಲಿನ ಟಿಕೆಟ್ ಎಷ್ಟೋ ಮೊದಲೇ ಮಾರಾಟವಾಗಿ ಹೋಗಿರುತ್ತದೆ, ಹೆದ್ದಾರಿಯಲ್ಲಿ ಕಾರುಗಳು ತೆವಳುತ್ತವೆ. ಆ 3 ದಿನ ಬುಸಾನ್‌ನಂಥ ದೂರದ ಊರು ನೋಡ್ತೀವಿ ಅಂತ ದಯವಿಟ್ಟು ಹೊರಡಬೇಡಿ. ಸಿಯೋಲ್‌ನಲ್ಲೇ ಇರಿ.

ನಾನು ಅಲ್ಲಿದ್ದಾಗ ಹಾಸನದ ಕಡೆಯ ದಂಪತಿ ಮಗಳನ್ನು ನೋಡಲು ಬಂದಿದ್ದರು. ಹಬ್ಬದ ದಿನ ಬೆಳಿಗ್ಗೆ ಆ ತಾಯಿ ಒಂದು ಚೀಟಿ ಹಿಡಿದು ತಯಾರಾಗಿ ನಿಂತಿದ್ದರು. ಅಕ್ಕನ ಮಕ್ಕಳಿಗೆ ಕಾಲುಚೀಲ, ಪಕ್ಕದ ಮನೆಯವರಿಗೆ ಜಿನ್ಸೆಂಗ್ ಮಿಠಾಯಿ, ಹೀಗೆ ಎರಡೂ ಬದಿ ತುಂಬಿದ ಚೀಟಿ. ಮೊದಲು ನಮ್‌ದೆಮುನ್ ಮಾರ್ಕೆಟ್ಟಿಗೇ ಹೋಗಬೇಕು ಅಂದರು. ಇವತ್ತು ಬೇಡಮ್ಮಾ ಅಂದರೆ ಕೇಳಲಿಲ್ಲ. ಹೋದೆವು. ಬೀದಿಗೆ ಬೀದಿಯೇ ಷಟರ್ ಎಳೆದು ಮಲಗಿತ್ತು. ತಳ್ಳುಗಾಡಿಗಳಿಗೆ ನೀಲಿ ಟಾರ್ಪಾಲು ಹೊದಿಸಿ ಹಗ್ಗ ಬಿಗಿದಿದ್ದರು. ಅಮ್ಮನ ಮುಖ ಸಪ್ಪಗಾಯಿತು. ಇಷ್ಟು ದೂರ ಬಂದು ಬಾಗಿಲು ನೋಡಿಕೊಂಡು ಹೋಗೋದಾ ಅಂದರು.

ಅಲ್ಲಿಂದ ದೊಕ್ಸುಗುಂಗ್ ಅರಮನೆ ನಡೆದುಹೋಗುವಷ್ಟೇ ದೂರ. ಕರೆದುಕೊಂಡು ಹೋದೆ. ಬಾಗಿಲಲ್ಲಿ ದುಡ್ಡಿಗೆ ಕೈಹಾಕಿದರೆ ಬೇಡ ಅಂದರು, ಹಬ್ಬದ ಪ್ರಯುಕ್ತ ಎಲ್ಲರಿಗೂ ಉಚಿತ. ಒಳಗೆ ಅವರ ಸಾಂಪ್ರದಾಯಿಕ ಉಡುಗೆ ಹನ್‌ಬೊಕ್ ಉಟ್ಟ ಪುಟ್ಟ ಮಕ್ಕಳು, ಲಂಗ ಎತ್ತಿಕೊಂಡು ಓಡುವ ಹುಡುಗಿಯರು, ಬೆಂಚಿನ ಮೇಲೆ ಅಜ್ಜ ಅಜ್ಜಿಯರು. ಒಬ್ಬ ಅಜ್ಜಿ ನಮ್ಮನ್ನು ನೋಡಿ ಡಬ್ಬಿ ತೆರೆದು ಮುಂದೆ ಹಿಡಿದರು. ಸೊಂಗ್‌ಪ್ಯೊನ್. ಅಕ್ಕಿ ಹಿಟ್ಟಿನ ಅರ್ಧಚಂದ್ರಾಕಾರದ ತಿನಿಸು, ಬಿಳಿ, ಹಸಿರು, ಗುಲಾಬಿ ಬಣ್ಣಗಳಲ್ಲಿ. ಪೈನ್ ಮರದ ಎಲೆ ಹಾಸಿ ಹಬೆಯಲ್ಲಿ ಬೇಯಿಸುತ್ತಾರೆ. ಒಂದರ ಬೆನ್ನಿಗೆ ಸೂಜಿಯಂಥ ಎಲೆ ಇನ್ನೂ ಅಂಟಿಕೊಂಡಿತ್ತು. ಅಮ್ಮ ಅನುಮಾನದಿಂದಲೇ ಕಚ್ಚಿದರು. ಒಳಗೆ ಸಿಹಿ ಎಳ್ಳು. “ಅಯ್ಯೋ, ನಮ್ಮ ಕಡುಬೇ ಅಲ್ವಾ ಇದು!” ಅಂದರು. ಆಮೇಲೆ ಆ ಇಬ್ಬರಿಗೂ ಮಾತಿಗೆ ಭಾಷೆಯೇ ಬೇಕಾಗಲಿಲ್ಲ. ಕೈಸನ್ನೆಯಲ್ಲೇ ಹೂರಣದ ಅಳತೆ ಹೇಳಿಕೊಂಡರು. ಚೀಟಿ ಬ್ಯಾಗಿನೊಳಗೆ ಹೋಯಿತು. ಸಂಜೆವರೆಗೆ ಗ್ಯೊಂಗ್‌ಬೊಕ್‌ಗುಂಗ್‌ನಲ್ಲೂ ಸುತ್ತಾಡಿದೆವು. 1395ರಲ್ಲಿ ಕಟ್ಟಿದ ಅರಮನೆ ಅದು. ಬೇರೆ ದಿನ ಹೋದರೂ ಟಿಕೆಟ್ 3,000 ವಾನ್ ಅಷ್ಟೇ, ಹನ್‌ಬೊಕ್ ಉಟ್ಟವರಿಗೆ ಅದೂ ಇಲ್ಲ. 1,000 ವಾನ್ ಅಂದರೆ ನಮ್ಮ 60 ರೂಪಾಯಿ ಆಸುಪಾಸು ಅಂತ ಇಟ್ಟುಕೊಳ್ಳಿ.

ರಜೆ ಮುಗಿದ ಮೇಲೆ ಅದೇ ನಮ್‌ದೆಮುನ್‌ಗೆ ಹೋದೆವು. ಅದೇ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ಕಾಲುಚೀಲದ ರಾಶಿ, ಕೂಗಿ ಕರೆಯುವ ವ್ಯಾಪಾರಿಗಳು. ಅಮ್ಮ ಹಾಸನದ ಸಂತೆಯಲ್ಲಿ ಮಾಡುವಷ್ಟೇ ಸಲೀಸಾಗಿ ಚೌಕಾಸಿ ಮಾಡಿದರು. ಅದಕ್ಕೇ ಹೇಳೋದು, ಹಬ್ಬದಲ್ಲಿ ನೋಡಿ, ಹಬ್ಬ ಕಳೆದ ಮೇಲೆ ಕೊಳ್ಳಿ. ಹಬ್ಬದ ದಿನ ಮ್ಯೊಂಗ್‌ದಾಂಗ್‌ನಲ್ಲಿ ಅಂಗಡಿ ತೆರೆದಿರುತ್ತದಲ್ಲಾ ಅಂತ ಕೆಲವರು ವಾದ ಮಾಡುತ್ತಾರೆ. ತೆರೆದಿರುತ್ತದೆ. ಆದರೆ ಅದು ಪ್ರವಾಸಿಗರ ಬೀದಿ, ಅಲ್ಲಿನ ಬೆಲೆಯೂ ಪ್ರವಾಸಿಗರದ್ದೇ. ಸುಮ್ನೆ ಯಾಕೆ ಅವಸರ?

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಕೊರಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ತಪ್ಪದೇ ಹೋಗಿ. ಇಚೊನ್ ಸ್ಟೇಷನ್‌ನಲ್ಲಿ ಇಳಿಯಿರಿ. ಅಲ್ಲಿನ ಕಾಯಂ ಪ್ರದರ್ಶನಕ್ಕೆ ದುಡ್ಡಿಲ್ಲ. ಕೆನ್ನೆಗೆ ಬೆರಳು ತಾಗಿಸಿ ಯೋಚನೆಯಲ್ಲಿ ಮುಳುಗಿದ ಎರಡು ಬೋಧಿಸತ್ವ ಮೂರ್ತಿಗಳಿಗೆ ಒಂದು ಇಡೀ ಕೋಣೆಯನ್ನೇ ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಚುಸೊಕ್ ದಿನ ಮಾತ್ರ ಅದಕ್ಕೆ ರಜೆ, ಆ ದಿನ ಅರಮನೆಗೆ ಹೋಗಿ.

ಓಡಾಟಕ್ಕೆ ಟ್ಯಾಕ್ಸಿ ಬೇಡ. ಬಸ್ಸಿಗೂ ಮೆಟ್ರೋಗೂ ಆಗುವ ಟಿ-ಮನಿ ಕಾರ್ಡ್ ಕೊಳ್ಳಿ, ಮೂಲೆಯ ಕನ್ವೀನಿಯನ್ಸ್ ಸ್ಟೋರ್‌ನಲ್ಲೇ ಸಿಗುತ್ತದೆ. ದುಡ್ಡು ತುಂಬಿಸಲು ನೋಟು ಇಟ್ಟುಕೊಂಡಿರಿ. ಬಸ್ಸಿನಿಂದ ಇಳಿಯುವಾಗಲೂ ಕಾರ್ಡ್ ತಾಗಿಸಿ. ಆಗ ಅರ್ಧ ಗಂಟೆಯೊಳಗೆ ಮೆಟ್ರೋ ಹಿಡಿದರೆ ಮತ್ತೆ ಮೊದಲಿಂದ ಚಾರ್ಜ್ ಬೀಳುವುದಿಲ್ಲ. ಹಬ್ಬದ ದಿನ ಹೋಟೆಲು ಮುಚ್ಚಿದ್ದರೂ ಈ ಸ್ಟೋರ್‌ಗಳಲ್ಲಿ ಊಟಕ್ಕೆ ಏನಾದರೂ ಸಿಗುತ್ತದೆ. ಸಸ್ಯಾಹಾರಿಗಳು ಗಮನಿಸಿ, ಅವರ ತರಕಾರಿ ಉಪ್ಪಿನಕಾಯಿಯಾದ ಕಿಮ್ಚಿಗೆ ಸಾಮಾನ್ಯವಾಗಿ ಮೀನಿನ ಸಾಸ್ ಹಾಕಿರುತ್ತಾರೆ.

ಹಬ್ಬ ಕಳೆದ ಮೇಲಿನ ಖರೀದಿಗೆ ಡೈಸೊ ಅನ್ನುವ ಅಗ್ಗದ ಸಾಮಾನಿನ ಅಂಗಡಿಗಳಿವೆ, ಅಲ್ಲಿ ಯಾವ ಸಾಮಾನೂ 5,000 ವಾನ್ ದಾಟುವುದಿಲ್ಲ. ತೆರಿಗೆ ವಾಪಸಾತಿ ಸೌಲಭ್ಯವಿರುವ ಅಂಗಡಿಯಲ್ಲಿ ಒಂದೇ ಬಿಲ್ಲು 15,000 ವಾನ್ ಮುಟ್ಟಿದರೆ ತೆರಿಗೆಯ ಒಂದು ಪಾಲು ನಿಮಗೆ ವಾಪಸ್ ಬರುತ್ತದೆ. ಅದಕ್ಕೆ ಪಾಸ್‌ಪೋರ್ಟ್ ತೋರಿಸಬೇಕು, ರೂಮಿನಲ್ಲಿ ಬಿಟ್ಟು ಹೋಗಬೇಡಿ. ನಮಸ್ಕಾರ.