ಫೆರಾರಿಯ ಹುಚ್ಚು ಇರುವವರು ಮೊದಲು ಫಿಯಟ್ ಕೊಳ್ಳಲಿ

ಕೇಳುಗರೊಬ್ಬರ ಪ್ರಶ್ನೆ ಇದು: "ಹಳೆಯ ಇಟಾಲಿಯನ್ ಸ್ಪೋರ್ಟ್ಸ್ ಕಾರು ಕೊಳ್ಳುವ ಆಸೆ. ಹುಬ್ಬಳ್ಳಿಯಲ್ಲಿ ಕುಳಿತು ಎಲ್ಲಿಂದ ಶುರು ಮಾಡಲಿ?" ನನ್ನ ಉತ್ತರಕ್ಕೆ ಅವರು ಸಿಟ್ಟಾಗಬಹುದು. ಫಿಯಟ್ 1100ರಿಂದ ಶುರು ಮಾಡಿ. ಹೌದು, ಅಜ್ಜ-ಅಜ್ಜಿಯ ಮದುವೆಯ ಫೋಟೋದಲ್ಲಿ ಸೇವಂತಿಗೆ ಹಾರ ಹಾಕಿಕೊಂಡು ನಿಂತಿರುತ್ತದಲ್ಲ, ಅದೇ ಕಾರು. ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡಿತು.

ನಗಬೇಡಿ. ಟ್ರ್ಯಾಕ್ಟರ್ ಮಾಡುತ್ತಿದ್ದ ಲ್ಯಾಂಬೊರ್ಗಿನಿ ಫೆರಾರಿಯ ಮೇಲಿನ ಸಿಟ್ಟಿನಿಂದ ಸ್ಪೋರ್ಟ್ಸ್ ಕಾರು ಮಾಡಿದ ಕಥೆಯನ್ನು ನವಲಗುಂದದ ಚಹಾದಂಗಡಿಯಲ್ಲೂ ಹೇಳುತ್ತಾರೆ. ನನ್ನದು ಅದಕ್ಕಿಂತ ಹಳೆಯ ಕಥೆ. 1939ರಲ್ಲಿ ಎಂಜೊ ಫೆರಾರಿ, ಮುಂದೆ ಫೆರಾರಿ ಕಾರು ಕಟ್ಟಿದವನು, ಆಲ್ಫಾ ರೋಮಿಯೊ ಎಂಬ ಕಾರು ಕಂಪನಿ ಬಿಟ್ಟು ಹೊರಬಂದ. ನಾಲ್ಕು ವರ್ಷ ತನ್ನ ಹೆಸರಿನಲ್ಲಿ ರೇಸ್ ಕಾರು ತರಬಾರದೆಂಬ ಕರಾರು ಇತ್ತು. ಆದರೂ 1940ರ ಮಿಲ್ಲೆ ಮಿಗ್ಲಿಯಾ ಎಂಬ ಇಟಲಿಯ ರಸ್ತೆ ರೇಸಿಗೆ ಎರಡು ಕಾರು ಕಟ್ಟಿದ. ಹೆಸರು ಹಾಕುವಂತಿಲ್ಲ, ಹಾಗಾಗಿ 815 ಎಂಬ ಬರೀ ಸಂಖ್ಯೆ: ಎಂಟು ಸಿಲಿಂಡರ್, ಒಂದೂವರೆ ಲೀಟರ್. ಆ ಎಂಟು ಸಿಲಿಂಡರಿನ ಎಂಜಿನ್ನಿಗೆ ಮೂಲ ಸಾಮಾನು ಒದಗಿಸಿದ್ದು ಫಿಯಟ್ 1100. ಎರಡೂ ಕಾರು ರೇಸ್ ಮುಗಿಸಲಿಲ್ಲ, ಅದು ಬೇರೆ ಮಾತು. ಒಂದನ್ನು ಓಡಿಸಿದ ಹುಡುಗ ಆಲ್ಬರ್ಟೊ ಅಸ್ಕಾರಿ ಮುಂದೆ 1952, 1953ರಲ್ಲಿ ವಿಶ್ವ ಚಾಂಪಿಯನ್ ಆದ.

ಯುದ್ಧ ಮುಗಿದ ಮೇಲೆ ಟ್ಯೂರಿನ್ನಿನಲ್ಲಿ ಪಿಯೆರೊ ಡುಸಿಯೊ ಎಂಬಾತ ಚಿಸಿಟಾಲಿಯಾ 202 ಕಾರು ತಂದ. ಮೈ ಕಾರುಗಳ ಹೊರರೂಪ ಕಟ್ಟುವ ಪಿನಿನ್ ಫರೀನಾನದು, ಎಂಜಿನ್ ಮತ್ತೆ ಅದೇ ಫಿಯಟ್ 1100ರದು. 1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಎಂಟು ಕಾರುಗಳನ್ನು ಕಲಾಕೃತಿಗಳೆಂದು ಪ್ರದರ್ಶನಕ್ಕಿಟ್ಟಾಗ ಅವುಗಳಲ್ಲಿ ಇದೂ ಒಂದು. ಅದರ ಎಂಜಿನ್ 1089 ಸಿಸಿ: ಬೋರ್, ಅಂದರೆ ಸಿಲಿಂಡರಿನ ಅಗಲ, 68 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 75 ಮಿ.ಮೀ. ಮಾಳಮಡ್ಡಿಯ ಯಾವುದೋ ಹಿತ್ತಲಿನಲ್ಲಿ ಕೋಳಿ ಕಾವು ಕುಳಿತ ಪದ್ಮಿನಿಯ ಬಾನೆಟ್ ಎತ್ತಿ ಅಳೆದು ನೋಡಿ, ಅಲ್ಲಿಯೂ ಅಷ್ಟೇ.

ನನ್ನ ಫಿಯಟ್ 1970ರದು. ಹೋದ ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹುಬ್ಬಳ್ಳಿಗೆ ಹೊರಟಿದ್ದೆ. ನವಲೂರು ಸೇತುವೆಯ ಏರಿನಲ್ಲಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಪಕ್ಕದಲ್ಲಿ ತಮಗೇ ಮೀಸಲಾದ ಪಥದಲ್ಲಿ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸುಗಳು ತಣ್ಣಗೆ ಸಾಗುತ್ತಿದ್ದವು. ಕಿಟಕಿಯ ಗಾಜಿಗೆ ಮೂಗು ಒತ್ತಿದ ಒಬ್ಬ ಹುಡುಗ ಕೈ ಬೀಸಿದ. ಬಾನೆಟ್ ಎತ್ತಿದೆ. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳದ ಎರಡು ಕ್ಲಿಪ್ ಬಿಚ್ಚಿದರೆ ಒಳಗೆ ಬೆವರಿನಂತೆ ತೇವ. ಟವೆಲ್ಲಿನ ತುದಿಯಿಂದ ಒರೆಸಿ, ಊದಿ, ಮತ್ತೆ ಕೂರಿಸಿದೆ. ಅರ್ಧ ಸುತ್ತಿಗೇ ಹಿಡಿಯಿತು. 1947ರ ಮಿಲ್ಲೆ ಮಿಗ್ಲಿಯಾದಲ್ಲಿ 54 ವರ್ಷದ ಹೆಸರಾಂತ ಇಟಾಲಿಯನ್ ರೇಸ್ ಚಾಲಕ ತಾಜಿಯೊ ನುವೊಲಾರಿ ಇದೇ 1100ರ ಎಂಜಿನ್ನಿನ ಚಿಸಿಟಾಲಿಯಾದಲ್ಲಿ ಮುಂದಿದ್ದಾಗ, ಅವನ ಕಿಡಿಯನ್ನೂ ಮಳೆ ನೀರೇ ಆರಿಸಿ ಹೊತ್ತು ಕೆಡಿಸಿತು. ಎರಡನೆಯವನಾಗಿ ಬಂದ. ಅವನ ಹೆಸರನ್ನು ಎಷ್ಟು ಸಲ ಓದಿದ್ದರೂ ಅವನ ಸಂಕಟ ನನಗೆ ಅರ್ಥವಾದದ್ದು ನವಲೂರಿನಲ್ಲಿ.

2018ರಲ್ಲಿ ಫೆರಾರಿ 250 ಜಿಟಿಒ ಎಂಬ ಒಂದು ಹಳೆಯ ರೇಸ್ ಕಾರು 4 ಕೋಟಿ 84 ಲಕ್ಷ ಡಾಲರಿಗೆ ಹರಾಜಾಯಿತು. ನನ್ನ ಲೆಕ್ಕದಲ್ಲಿ ಅದು ಕಾರಲ್ಲ, ಠೇವಣಿ. ಯಾರೂ ಅದರ ಮುಚ್ಚಳ ಬಿಚ್ಚಿ ಟವೆಲ್ಲಿನಿಂದ ಒರೆಸುವುದಿಲ್ಲ.

ಈಗ ಕೊಳ್ಳುವ ವಿಷಯ. ಕಾರು ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. ಬಾಗಿಲಿನ ಕೆಳಗಿನ ಪಟ್ಟಿಗೆ ಹಿಡಿಯಿರಿ. ಟಕ್ ಎಂದು ಅಂಟಿದರೆ ತಗಡು. ಜಾರಿ ಬಿದ್ದರೆ ಪುಟ್ಟಿ. ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿಸಿ. ಮಾಲೀಕರು "ಅದು ಅಂಟಿಕೊಂಡಿದೆ, ಬರುವುದಿಲ್ಲ" ಎಂದರೆ ಚಹಾ ಕುಡಿದು ಎದ್ದುಬನ್ನಿ. ಎಂಜಿನ್ ಹೋಗಿದ್ದರೆ ಹೆದರಬೇಡಿ, ಈ ಎಂಜಿನ್ ಕೈಯಲ್ಲಿ ಪಳಗಿದ ಹಳೆಯ ಮೇಸ್ತ್ರಿಗಳು ನಮ್ಮಲ್ಲಿ ಇನ್ನೂ ಇದ್ದಾರೆ. ಗೋಕುಲ ರಸ್ತೆಯ ಕಡೆಯ ಒಬ್ಬರು ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ, ತುದಿಯನ್ನು ಎಂಜಿನ್ನಿಗೆ ಇಟ್ಟು, ಕಣ್ಣು ಮುಚ್ಚಿ, "ಮೂರನೆಯ ಟ್ಯಾಪೆಟ್" ಎನ್ನುತ್ತಾರೆ; ಎಂಜಿನ್ನಿನ ವಾಲ್ವ್ ಎತ್ತುವ ಭಾಗ ಅದು. ತೆಗೆದು ನೋಡಿದರೆ ಮೂರನೆಯದೇ. ಕೊಳೆತ ತಳಕ್ಕೆ ಮಾತ್ರ ಅಂಥ ವೈದ್ಯರಿಲ್ಲ.

ದಯವಿಟ್ಟು ಕೆಂಪು ಬಣ್ಣ ಬಳಿಯಬೇಡಿ. ನಾನು ನೋಡಿದ ಒಂದು ಫಿಯಟ್‌ಗೆ ಕೆಂಪು ಬಣ್ಣ, ಮೂತಿಗೆ ಅಂಟಿಸಿದ ಫೆರಾರಿಯ ಲಾಂಛನದ ಕುದುರೆ, ಒಳಗೆ ಯಾವುದೋ ವ್ಯಾನಿನ ಡೀಸೆಲ್ ಎಂಜಿನ್. ಮೈಲೇಜ್ ಚೆನ್ನಾಗಿದೆ ಎಂದು ಮಾಲೀಕ ಹೆಮ್ಮೆಪಟ್ಟ. ವೀಣೆಯ ಬುರುಡೆಯಲ್ಲಿ ರೇಡಿಯೊ ಕೂರಿಸಿದ ಹಾಗಿತ್ತು.

ಕಾಗದಪತ್ರದಲ್ಲಿ ಒಂದು ಎಚ್ಚರ. 50 ವರ್ಷ ದಾಟಿದ, ಮೂಲ ಸ್ವರೂಪ ಕೆಡದ ವಾಹನಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. 20,000 ರೂಪಾಯಿ ಶುಲ್ಕ, 10 ವರ್ಷ ಅವಧಿ, ನಂಬರಿನ ನಡುವೆ ವಿಎ ಅಕ್ಷರಗಳು. ಗೆಳೆಯರ ಮುಂದೆ ಮೆರೆಯಲು ಚೆಂದ. ಆದರೆ ಆ ನಂಬರಿನ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ಇಂಥ ಕೆಲಸಗಳಿಗಷ್ಟೇ ರಸ್ತೆಗೆ ಇಳಿಸಬಹುದು; ದಿನಬಳಕೆಗೆ ಇಲ್ಲ. ಸಂಜೆ ಕೆಲಗೇರಿ ಕೆರೆಯವರೆಗೆ ಹೋಗಿ ಗಿರಮಿಟ್ ತಿಂದು ಬರುವುದು ರ‍್ಯಾಲಿ ಎಂದು ಪೊಲೀಸರನ್ನು ಒಪ್ಪಿಸುವ ಚಾತುರ್ಯ ನನಗಿಲ್ಲ. ಹಾಗಾಗಿ ಸಾಮಾನ್ಯ ನೋಂದಣಿಯನ್ನೇ ನವೀಕರಿಸುತ್ತ ಬಂದಿದ್ದೇನೆ.

ಓಡಿಸುವಾಗ ಅವಸರ ಬೇಡ. ಗೇರ್ ಕೋಲು ಸ್ಟೀರಿಂಗ್ ಪಕ್ಕದಲ್ಲಿದೆ, ಮೊದಲ ಗೇರಿಗೆ ಸಿಂಕ್ರೊಮೆಶ್ ಇಲ್ಲ, ಅಂದರೆ ಹಲ್ಲುಗಳ ವೇಗ ಹೊಂದಿಸಿ ಮೆತ್ತಗೆ ಕೂಡಿಸುವ ವ್ಯವಸ್ಥೆ ಇಲ್ಲ. ಕಾರು ಪೂರ್ತಿ ನಿಲ್ಲುವ ಮೊದಲು ತುರುಕಿದರೆ ಹಲ್ಲು ಕಡಿಯುವ ಸದ್ದು ಇಡೀ ಓಣಿಗೆ ಕೇಳುತ್ತದೆ. ಇರುವುದು ಸುಮಾರು 40 ಅಶ್ವಶಕ್ತಿ. ಅಷ್ಟರಲ್ಲೇ ಸತ್ತೂರಿನ ಇಳಿಜಾರಿನಲ್ಲಿ ಮೂರನೆಯ ಗೇರಿನಲ್ಲಿ ಬಿಟ್ಟಾಗ ಅದು ಹಾಡುವ ಒಂದು ಸ್ವರವಿದೆ. ನನ್ನ ಹೆಂಡತಿಗೆ ಅದು ಗಿರಣಿಯ ಸದ್ದು.

ಈ ಭಾನುವಾರ ಗದಗಿಗೆ ಹೊರಟಿದ್ದೇನೆ. ಬೆಟಗೇರಿಯಲ್ಲಿ ಇನ್ನೊಂದು ಫಿಯಟ್ ಇದೆಯಂತೆ. "ಹೊಸ ಬಣ್ಣ ಹೊಡೆಸಿದ್ದೇವೆ ಸರ್, ಕೆಂಪು," ಎಂದರು ಫೋನಿನಲ್ಲಿ. ಅಯಸ್ಕಾಂತ ಹುಡುಕಿ ಇಟ್ಟುಕೊಂಡಿದ್ದೇನೆ.