ಗಿಳಿಗೆ ಮಾತು ಕಲಿಸಿದ ಮಾಮ: ಅಲಿ ಜಾಕೇರ್

ಕೇಳುಗರೇ, ನಮಸ್ಕಾರ. 1988-89ರ ಢಾಕಾ ಅಂದ್ಕೊಳ್ಳಿ. ಜನರಲ್ ಎರ್ಷಾದ್ ಆಡಳಿತ, ಇರೋದೊಂದೇ ಟೀವಿ ಚಾನೆಲ್ಲು, ಅದೂ ಸರ್ಕಾರದ್ದು. 1971ರ ಬಾಂಗ್ಲಾ ವಿಮೋಚನಾ ಯುದ್ಧದಲ್ಲಿ ಪಾಕಿಸ್ತಾನದ ಸೇನೆ ಜೊತೆ ಸೇರ್ಕೊಂಡು ತಮ್ಮೂರಿನವರನ್ನೇ ಹಿಡಿದುಕೊಟ್ಟ ರಜಾಕಾರರ ಸುದ್ದೀನ ಅದರಲ್ಲಿ ಬಾಯಿಬಿಟ್ಟು ಆಡೋ ಹಾಗಿರ್ಲಿಲ್ಲ. (ಬೀದರ್, ಕಲಬುರಗಿ ಕಡೆಯೋರಿಗೆ ಈ ಹೆಸರು ಕೇಳಿದ್ರೇ ಮೈ ಉರಿಯುತ್ತೆ, ಆದ್ರೆ ನಿಜಾಮನ ಕಾಲದ ಆ ರಜಾಕಾರರೇ ಬೇರೆ, ಇವ್ರೇ ಬೇರೆ.) ಅಂಥಾ ಹೊತ್ತಲ್ಲಿ ಹುಮಾಯೂನ್ ಅಹ್ಮದ್ ಬರೆದ 'ಬಹುಬ್ರೀಹಿ' ಅನ್ನೋ ಕಾಮಿಡಿ ಧಾರಾವಾಹೀಲಿ ಒಂದು ಗಿಳಿ 'ತುಯಿ ರಾಜಾಕಾರ್' ಅಂದುಬಿಡ್ತು, ಅಂದ್ರೆ ನೀನು ರಜಾಕಾರ ಅಂತ. ಮನುಷ್ಯ ಹೇಳಿದ್ರೆ ಕತ್ರಿ ಹಾಕ್ಬಹುದು, ಗಿಳಿ ಮೇಲೆ ಕೇಸು ಹಾಕೋಕಾಗುತ್ತಾ? ಇಡೀ ದೇಶ ನಕ್ಕಿತು, 2013ರಲ್ಲಿ ಆ ಯುದ್ಧದ ಅಪರಾಧಿಗಳಿಗೆ ಶಿಕ್ಷೆ ಆಗ್ಲಿ ಅಂತ ಢಾಕಾದ ಶಾಹಬಾಗ್ ಚೌಕದಲ್ಲಿ ಸೇರಿದ ಹುಡುಗ್ರು ಅದೇ ಮಾತನ್ನ ಘೋಷಣೆ ಮಾಡ್ಕೊಂಡ್ರು.

ಆ ಧಾರಾವಾಹೀಲಿ ತಲೆತಿರುಕ ಮಾಮನ ಪಾತ್ರ ಮಾಡಿದವರು ಅಲಿ ಜಾಕೇರ್. ಹುಟ್ಟಿದ್ದು 1944, ಚಿತ್ತಗಾಂಗಲ್ಲಿ, ಓದಿದ್ದು ಢಾಕಾ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ. ಕಾಮಿಡಿ ನಟ ಅಂತ ಜನ ನಕ್ಕಿದ್ದೇನೋ ಸರಿ, ಆದ್ರೆ ಈ ಮನುಷ್ಯನ ಹಿಂದಿನ ಕತೆ ಗೊತ್ತಿದ್ರೆ ಆ ಗಿಳಿ ಮಾತು ಬರೀ ಜೋಕಾಗಿ ಕೇಳಿಸೋದಿಲ್ಲ. ಯುದ್ಧದ ಟೈಮಲ್ಲಿ ಇವರು ಕಲ್ಕತ್ತಾದಲ್ಲಿದ್ದ ಸ್ವಾಧೀನ್ ಬಾಂಗ್ಲಾ ಬೇತಾರ್ ಕೇಂದ್ರ, ಅದೇ ಬಾಂಗ್ಲಾ ವಿಮೋಚನೆಯ ಬಾನುಲಿ, ಅದರ ಇಂಗ್ಲಿಷ್ ವಿಭಾಗದಲ್ಲಿ ಕೆಲಸ ಮಾಡ್ತಿದ್ರು. ಹೀಗಾಗಿ ನಮ್ಮ ರೇಡಿಯೋದವರ ಬಳಗಕ್ಕೂ ಸೇರಿದವರು ಅನ್ಬಹುದು ಬಿಡಿ.

ಯುದ್ಧ ಮುಗಿದು ಎರಡೇ ತಿಂಗಳಿಗೆ, 1972ರ ಫೆಬ್ರವರೀಲಿ, ಸ್ಟೇಜ್ ಹತ್ತಿದ್ರು. ನಾಟಕ ಮುನೀರ್ ಚೌಧುರಿ ಅವರ 'ಕಬರ್'. ಮುನೀರ್ ಅದನ್ನ 1953ರಲ್ಲಿ ಢಾಕಾ ಜೈಲಲ್ಲಿ ಕೂತು ಬರೆದದ್ದು, ಕೈದಿಗಳೇ ಲಾಟೀನು ಬೆಳಕಲ್ಲಿ ಆಡಿದ್ರು. ಅದನ್ನ ಬರೆದವರನ್ನ 1971ರ ಡಿಸೆಂಬರ್ 14ಕ್ಕೆ ಪಾಕಿಸ್ತಾನದ ಸೇನೆ ಜೊತೆಗಿದ್ದೋರು ಮನೆಯಿಂದ ಎಳ್ಕೊಂಡು ಹೋಗಿದ್ರು, ತಿರುಗಿ ಬರಲೇ ಇಲ್ಲ. ಯುದ್ಧ ಮುಗಿಯೋಕೆ ಇನ್ನೆರಡೇ ದಿನ ಇತ್ತು ನೋಡಿ.

ಆಮೇಲೆ ಸೇರಿದ್ದು ನಾಗರಿಕ್ ನಾಟ್ಯ ಸಂಪ್ರದಾಯ್ ತಂಡ. 1973ರ ಫೆಬ್ರವರಿ 3ಕ್ಕೆ ಬಾದಲ್ ಸರ್ಕಾರ್ ಅವರ 'ಬಾಕಿ ಇತಿಹಾಸ್' ಆಡಿದ್ರು, ನಿರ್ದೇಶನ ಜಾಕೇರ್ ಅವರದ್ದೇ. ನಮ್ಮ ಹವ್ಯಾಸಿ ತಂಡಗಳಿಗೂ ಬಾದಲ್ ಸರ್ಕಾರ್ ಹೊಸಬರೇನಲ್ಲ. ಆದ್ರೆ ಅಲ್ಲಿ ದೊಡ್ಡ ವಿಷಯ ಟಿಕೆಟ್ಟು. ವರ್ಷಕ್ಕೊಂದು ಸಲ ಕಾಲೇಜಲ್ಲೋ ಕ್ಲಬ್ಬಲ್ಲೋ ಪುಗಸಟ್ಟೆ ನಾಟಕ ನೋಡಿ ಅಭ್ಯಾಸ ಆದೋರಿಗೆ, ದುಡ್ಡು ಕೊಟ್ಟು ಒಳಗೆ ಬನ್ನಿ, ನಾವು ಬಿಡದೆ ಆಡ್ತಾ ಇರ್ತೀವಿ ಅಂದ್ರು. ಜನ ಬಂದ್ರು. ಹಾಗಂತ ನಾಟಕದಿಂದ ಮನೆ ನಡೀತಿರ್ಲಿಲ್ಲ, ಹಗಲೆಲ್ಲಾ ಜಾಹೀರಾತು ಕಂಪನಿ ಏಷಿಯಾಟಿಕ್, ಸಂಜೆ ಆದ್ರೆ ರಿಹರ್ಸಲ್ಲು. ಆ ಕಂಪನೀನ ದೇಶದ ದೊಡ್ಡ ಏಜೆನ್ಸಿಗಳಲ್ಲಿ ಒಂದು ಮಾಡಿದ್ದೂ ಇವರೇ. ಹೆಂಡತಿ ಸಾರಾ ಜಾಕೇರ್ ಕೂಡ ಅದೇ ತಂಡದ ನಟಿ.

ಸೈಯದ್ ಶಂಸುಲ್ ಹಕ್ ಬರೆದ ನಾಟಕದಲ್ಲಿ 1783ರ ರಂಗ್‌ಪುರ ರೈತದಂಗೆಯ ನಾಯಕ ನೂರುಲ್ದೀನ್ ಆಗಿ ಇವರು ಜನರನ್ನ ಕೂಗಿ ಎಬ್ಬಿಸೋ ಕರೆ ಅಲ್ಲಿ ಮನೆಮಾತು. ನಂಗೆ ಅದಕ್ಕಿಂತ ಕುತೂಹಲ ಅನ್ಸೋದು ತನ್ವೀರ್ ಮೊಕಮ್ಮೆಲ್ ಅವರ 'ನದೀರ್ ನಾಮ್ ಮಧುಮತಿ' ಸಿನಿಮಾ. ಅದ್ರಲ್ಲಿ ಪಾಕಿಸ್ತಾನದ ಪರ ನಿಂತ ಹಳ್ಳಿ ದೊಡ್ಡಮನುಷ್ಯನ ಪಾತ್ರ ಇವರದ್ದೇ! ಯಾರ ವಿರುದ್ಧ ರೇಡಿಯೋದಲ್ಲಿ ಗಂಟಲು ಹರ್ಕೊಂಡ್ರೋ ಅವರ ಅಂಗೀನೇ ತೊಟ್ಕೊಂಡು ನಿಂತದ್ದು.

ಕ್ಯಾನ್ಸರ್ ಬಂದಮೇಲೂ 2018ರಲ್ಲಿ ಜರ್ಮನ್ ನಾಟಕಕಾರ ಬ್ರೆಕ್ಟ್‌ನ ಗೆಲಿಲಿಯೋ ಆಗಿ ಮತ್ತೆ ಸ್ಟೇಜ್ ಹತ್ತಿದ್ರು, ಜೊತೆಗೆ ಹಳೇ ಗೆಳೆಯ ಅಸದುಜ್ಜಮಾನ್ ನೂರ್. ಆ ಪಾತ್ರಕ್ಕೆ ಪುಟಗಟ್ಟಲೆ ಮಾತಿದೆ, ಆರೋಗ್ಯ ಗಟ್ಟಿ ಇರೋರಿಗೇ ಉಸಿರು ಸಾಲಲ್ಲ. 2020ರ ನವೆಂಬರ್ 27ಕ್ಕೆ ಢಾಕಾದಲ್ಲಿ ತೀರಿಕೊಂಡ್ರು, ಕೊನೇಲಿ ಕೋವಿಡ್ಡೂ ಅಂಟಿಕೊಂಡಿತ್ತು. ಢಾಕಾಕ್ಕೆ ಯಾವಾಗಾದ್ರೂ ಹೋದ್ರೆ ಅಲ್ಲಿನ ಮುಕ್ತಿಯುದ್ಧ ಮ್ಯೂಸಿಯಂ ನೋಡ್ಕೊಂಡು ಬನ್ನಿ, 1996ರಲ್ಲಿ ಅದನ್ನ ಶುರು ಮಾಡಿದ ಎಂಟು ಜನ ಟ್ರಸ್ಟಿಗಳಲ್ಲಿ ಈ ಮೂವರೂ ಇದ್ರು, ಅಲಿ ಜಾಕೇರ್, ಸಾರಾ, ನೂರ್. ನಮಸ್ಕಾರ.