ನದಿಯ ಆಚೆ ದಡ ನೋಡಿ ಮನೆ ಹಿಡಿಯಬೇಡಿ

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಕೆನಡಾದ ವಿಂಡ್ಸರ್‌ನಲ್ಲಿ ತಿಂಡಿ ತಿಂದು, ಡೆಟ್ರಾಯಿಟ್ ನದಿಯ ಕೆಳಗಿನ ಸುರಂಗದಲ್ಲಿ ಹಾದು ನಿಮ್ಮ ಕೂಟಕ್ಕೆ ಬಂದಿದ್ದೇನೆ. ಸುರಂಗದ ಉದ್ದ ಒಂದೂವರೆ ಕಿಲೋಮೀಟರ್. ದೇಶ ಬದಲಾಗುತ್ತದೆ, ಹವೆ ಬದಲಾಗುವುದಿಲ್ಲ. ಮಿಷಿಗನ್‌ನಲ್ಲಿರುವ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಡೆಟ್ರಾಯಿಟ್ ಪೇಟೆಯಲ್ಲಿ ನಿಂತು ದಕ್ಷಿಣಕ್ಕೆ ಮುಖ ಮಾಡಿದರೆ ಎದುರಿಗೆ ಕಾಣುವುದೇ ಕೆನಡಾ.

ನನ್ನನ್ನು ಕರೆದ ಕಾರಣ ಗೊತ್ತಿದೆ. ಈ ಸಭೆಯಲ್ಲಿ ಕೂತವರಲ್ಲಿ ಅನೇಕರು ಗ್ರೀನ್ ಕಾರ್ಡಿನ ಸಾಲಿನಲ್ಲಿದ್ದೀರಿ. ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷಕ್ಕೆ ಶೇಕಡಾ 7ಕ್ಕಿಂತ ಹೆಚ್ಚು ಸಿಗಬಾರದು ಎಂಬ ನಿಯಮದಿಂದಾಗಿ ಭಾರತದಲ್ಲಿ ಹುಟ್ಟಿದವರ ಸಾಲು ಕರಗುವುದೇ ಇಲ್ಲ. ಸಾಲಿನಲ್ಲಿ ನಿಮ್ಮ ಸರದಿ ಗುರುತಿಸುವ ಪ್ರಯಾರಿಟಿ ಡೇಟ್ ನೋಡಿ ನೋಡಿ ಕಣ್ಣು ಸೋತಿರುತ್ತದೆ. ಅಷ್ಟರಲ್ಲಿ ಮಗಳಿಗೆ 21 ತುಂಬಿದರೆ ಅವಳು ನಿಮ್ಮ ವೀಸಾದ ನೆರಳಿನಿಂದ ಹೊರಬೀಳುತ್ತಾಳೆ. ಆಗ ಮನೆಯಲ್ಲಿ ಯಾರಾದರೂ ಒಬ್ಬರು ‘ಕೆನಡಾಕ್ಕೆ ಹೋಗಿಬಿಡೋಣವಾ?’ ಅನ್ನುತ್ತಾರೆ. 2023ರ ಜುಲೈನಲ್ಲಿ ಅಮೆರಿಕದ ಎಚ್-1ಬಿ ಕೆಲಸದ ವೀಸಾ ಇರುವ 10,000 ಜನರಿಗೆ ಮೂರು ವರ್ಷದವರೆಗಿನ ಓಪನ್ ವರ್ಕ್ ಪರ್ಮಿಟ್ ಕೊಡುತ್ತೇವೆಂದು ಕೆನಡಾ ಹೇಳಿದಾಗ, ಎರಡು ದಿನದೊಳಗೆ ಅಷ್ಟೂ ಅರ್ಜಿ ತುಂಬಿಹೋದವು. ಇಷ್ಟು ಜನರ ಮನಸ್ಸಿನಲ್ಲಿ ಒಂದೇ ಯೋಚನೆ ಇತ್ತು.

ಆಮೇಲೆ ನನಗೆ ಫೋನ್ ಬರುತ್ತದೆ. ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಮೇಡಂ, ಬಾರ್ಡರ್‌ಗೆ ಹತ್ತಿರ ಇರುವ ಯಾವ ಊರು ಒಳ್ಳೇದು? ಅಮೆರಿಕ ಕೈಗೆ ಸಿಗುವ ಹಾಗಿರಬೇಕು.’

2018ರಲ್ಲಿ ನಾವೂ ಹೀಗೇ ಯೋಚಿಸಿದ್ದೆವು. ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು, ಕ್ಯಾಂಟನ್‌ನಲ್ಲಿದ್ದ ನನ್ನ ಅಕ್ಕನ ಮನೆಯಿಂದ ಎಷ್ಟು ಹೊತ್ತಿನ ದಾರಿ ಎಂದು ಅಳೆದೆವು. ಮುಕ್ಕಾಲು ಗಂಟೆ. ಯುಗಾದಿಗೆ ಅಕ್ಕನ ಮನೆ, ರಾಜ್ಯೋತ್ಸವಕ್ಕೆ ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟ, ಊರಿಗೆ ಹೋಗಲು ಡೆಟ್ರಾಯಿಟ್ ವಿಮಾನ ನಿಲ್ದಾಣ. ವಿಂಡ್ಸರ್‌ನಲ್ಲಿ ನದಿ ಕಾಣುವ ಅಪಾರ್ಟ್‌ಮೆಂಟ್ ಹಿಡಿದೆವು. ಬಾಲ್ಕನಿಯಲ್ಲಿ ನಿಂತರೆ ಡೆಟ್ರಾಯಿಟ್‌ನ ಎತ್ತರದ ಕಟ್ಟಡಗಳ ದೀಪ. ಆ ಬಾಲ್ಕನಿಗಾಗಿಯೇ ತಿಂಗಳಿಗೆ ಹೆಚ್ಚಿನ ಬಾಡಿಗೆ ಕೊಟ್ಟೆವು. ವಿಂಡ್ಸರ್‌ನ ಶಾಲೆ ಹೇಗಿದೆ, ಮಗುವಿಗೆ ಡಾಕ್ಟರ್ ಯಾರು, ಯಜಮಾನರಿಗೆ ಕೆಲಸ ಹೋದರೆ ಅದೇ ಊರಿನಲ್ಲಿ ಇನ್ನೊಂದು ಸಿಕ್ಕೀತೇ ಎಂದು ಒಬ್ಬರನ್ನೂ ಕೇಳಲಿಲ್ಲ.

‘ಬಾರ್ಡರ್‌ಗೆ ಹತ್ತಿರ’ ಎಂಬ ಮಾತನ್ನೇ ಸ್ವಲ್ಪ ಬಿಡಿಸಿ ನೋಡೋಣ. ಕೆನಡಾ ಮತ್ತು ಅಮೆರಿಕದ ನಡುವಿನ ಗಡಿ 8,891 ಕಿಲೋಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಕೆನಡಾದ ಜನರಲ್ಲಿ ಮೂರರಲ್ಲಿ ಎರಡು ಪಾಲು ಈ ಗಡಿಯಿಂದ 100 ಕಿಲೋಮೀಟರಿನೊಳಗೇ ಇದ್ದಾರೆ. ಟೊರೊಂಟೊ, ಮಾಂಟ್ರಿಯಲ್, ವ್ಯಾಂಕೂವರ್ ಎಲ್ಲವೂ ಗಡಿಗೆ ಹತ್ತಿರದ ಊರುಗಳೇ. ವಿನ್ನಿಪೆಗ್ ಕೂಡ ಸುಮಾರು 100 ಕಿಲೋಮೀಟರ್ ದೂರವಷ್ಟೇ. ಜನವರಿಯಲ್ಲಿ ಅಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವುದು ಹೊಸ ಸುದ್ದಿಯಲ್ಲ. ಅಂದರೆ ಹತ್ತಿರ ಎಂಬ ಒಂದು ಮಾತಿನಿಂದ ಊರು ಆರಿಸಲು ಆಗುವುದಿಲ್ಲ. ಹತ್ತಿರ ಇರುವುದು ಯಾವುದಕ್ಕೆ, ಆ ಹತ್ತಿರ ನಿಮ್ಮ ಕೈಯಲ್ಲಿರುವ ಕಾಗದಕ್ಕೆ ಎಷ್ಟು ಉಪಯೋಗ, ಇವೆರಡನ್ನು ಕೇಳಬೇಕು.

ಕಾಗದದ ಮಾತು ಬಂತಲ್ಲ, ಇದನ್ನು ಗಮನವಿಟ್ಟು ಕೇಳಿ. ತುಂಬ ಜನ ಎಡವುವುದು ಇಲ್ಲೇ. ಕೆನಡಾದ ಪಿಆರ್, ಅಂದರೆ ಕಾಯಂ ನೆಲಸುವ ಅನುಮತಿ, ಸಿಕ್ಕಿದರೆ ಅಮೆರಿಕದ ಬಾಗಿಲೂ ತೆರೆದಂತೆ ಎಂದು ಭಾವಿಸುತ್ತಾರೆ. ಹಾಗಿಲ್ಲ. ಪಿಆರ್ ಕಾರ್ಡ್ ಇದ್ದರೂ ನೀವು ಭಾರತದ ಪಾಸ್‌ಪೋರ್ಟಿನವರೇ. ಅರ್ಧ ಮೈಲಿ ಆಚೆಯ ಡೆಟ್ರಾಯಿಟ್‌ಗೆ ಒಂದು ಸಂಜೆ ಊಟಕ್ಕೆ ಹೋಗಬೇಕಾದರೂ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇರಬೇಕು. ವಿಂಡ್ಸರ್‌ನಿಂದ ಸಾವಿರಕ್ಕೂ ಮೇಲ್ಪಟ್ಟು ಆಸ್ಪತ್ರೆ ನೌಕರರು ಡೆಟ್ರಾಯಿಟ್‌ಗೆ ಕೆಲಸಕ್ಕೆ ದಾಟುತ್ತಾರೆ. ನಮ್ಮ ಪಕ್ಕದ ಮನೆಯ ನರ್ಸ್ ಕೂಡ ಅವರಲ್ಲೊಬ್ಬಳು. ಅವಳನ್ನು ನೋಡಿ ನನಗೂ ಆಸೆ ಹುಟ್ಟಿತ್ತು. ಆದರೆ ಅವಳಂಥವರು ಹೋಗುವುದು ಹೆಚ್ಚಾಗಿ ಟಿಎನ್ ಎಂಬ ಕೆಲಸದ ವೀಸಾ ದಾರಿಯಲ್ಲಿ. ಅದು 1994ರ ವ್ಯಾಪಾರ ಒಪ್ಪಂದದಿಂದ ಬಂದದ್ದು, ಕೆನಡಾ ಮತ್ತು ಮೆಕ್ಸಿಕೊದ ಪೌರರಿಗೆ ಮಾತ್ರ. ಪಿಆರ್ ಇರುವವರಿಗೆ ಇಲ್ಲ. ಪೌರತ್ವ ಬೇಕಾದರೆ ಅರ್ಜಿಗೆ ಹಿಂದಿನ ಐದು ವರ್ಷದಲ್ಲಿ 1,095 ದಿನ ಕೆನಡಾದ ನೆಲದ ಮೇಲೆ ಇದ್ದಿರಬೇಕು. ಬೆಳಿಗ್ಗೆ ಹೋಗಿ ರಾತ್ರಿ ಮರಳಿದರೆ ಆ ದಿನ ಲೆಕ್ಕದಿಂದ ಹೋಗುವುದಿಲ್ಲ, ಅದೊಂದು ಸಮಾಧಾನ. ಅರ್ಜಿ ಹಾಕಿದ ಮೇಲಿನ ಕಾಯುವಿಕೆ ಬೇರೆ. ಅಲ್ಲಿಗೆ ನಾಲ್ಕೈದು ವರ್ಷ. ಅಷ್ಟು ವರ್ಷ ಆಚೆ ದಡ ನಿಮಗೆ ನೋಡಲಿಕ್ಕೆ ಮಾತ್ರ, ದುಡಿಯಲಿಕ್ಕಲ್ಲ.

ನೋಡಲಿಕ್ಕಾದರೂ ಇರುತ್ತದೆ ಅಂದುಕೊಂಡಿದ್ದೆವು.

2020ರ ಜನವರಿಯಲ್ಲಿ ಅಮ್ಮ ಹಾಸನದಿಂದ ಅಕ್ಕನ ಮನೆಗೆ ಬಂದಿದ್ದರು. ಏಪ್ರಿಲ್‌ನಲ್ಲಿ ನಮ್ಮಲ್ಲಿಗೆ ಬರುವುದೆಂದು ಮಾತಾಗಿತ್ತು. ಕೆನಡಾದ ವೀಸಾ ಪಾಸ್‌ಪೋರ್ಟಿನಲ್ಲಿ ಅಂಟಿಸಿಯೂ ಆಗಿತ್ತು. ಕೋವಿಡ್ ಬಂದು ಮಾರ್ಚ್ 21ಕ್ಕೆ ಎರಡೂ ದೇಶಗಳು ಭೂಗಡಿಯನ್ನು ಮುಚ್ಚಿದವು. ಸರಕಿನ ಲಾರಿಗಳು ಓಡಾಡಿದವು, ಪಕ್ಕದ ಮನೆಯ ನರ್ಸ್ ಓಡಾಡಿದಳು, ನಾವು ಓಡಾಡುವಂತಿರಲಿಲ್ಲ. ವಿಮಾನದಲ್ಲಿ ಅಮೆರಿಕಕ್ಕೆ ಹೋಗಲು ಅಡ್ಡಿ ಇರಲಿಲ್ಲ. ಆದರೆ ಮುಕ್ಕಾಲು ಗಂಟೆಯ ದಾರಿಗೆ ಟೊರೊಂಟೊಕ್ಕೆ ಹೋಗಿ ವಿಮಾನ ಹತ್ತಬೇಕು, ಮರಳಿದ ಮೇಲೆ 14 ದಿನ ಮನೆಯೊಳಗೇ ಇರಬೇಕು. ಎರಡು ವರ್ಷದ ಮಗುವನ್ನು ಇಟ್ಟುಕೊಂಡು ಧೈರ್ಯ ಬರಲಿಲ್ಲ.

ಮೇ ತಿಂಗಳ ಕೊನೆಯ ಭಾನುವಾರ ಅಕ್ಕ ಅಮ್ಮನನ್ನು ಡೆಟ್ರಾಯಿಟ್‌ನ ನದಿದಂಡೆಗೆ ಕರೆತಂದಳು. ನಾನು ಮಗಳನ್ನು ಎತ್ತಿಕೊಂಡು ವಿಂಡ್ಸರ್ ಕಡೆಯ ದಂಡೆಗೆ ಹೋದೆ. ನಡುವೆ ಅರ್ಧ ಮೈಲಿ ನೀರು. ಮುಖ ಕಾಣುವುದಿಲ್ಲ. ಅಮ್ಮ ಕೆಂಪು ಶಾಲು ಹಿಡಿದು ಬೀಸಿದರು, ನಾನು ಮಗಳ ಹಳದಿ ಟವೆಲ್ ಬೀಸಿದೆ. ಫೋನಿನಲ್ಲಿ ಅಮ್ಮ ಕೇಳಿದ್ದು, ‘ಅದು ನೀನೇನಾ, ಇಲ್ಲ ಪಕ್ಕದಲ್ಲಿರೋರಾ?’ ಜೂನ್ ಮೊದಲ ವಾರ ಷಿಕಾಗೋದಿಂದ ಭಾರತೀಯರನ್ನು ಊರಿಗೆ ಕರೆದೊಯ್ಯುತ್ತಿದ್ದ ವಂದೇ ಭಾರತ್ ವಿಮಾನದಲ್ಲಿ ಅವರಿಗೆ ಸೀಟು ಸಿಕ್ಕಿತು, ಹೋದರು. ಜೂನ್ 8ರಿಂದ ಕೆನಡಾ ಪೌರರ ಮತ್ತು ಪಿಆರ್ ಇರುವವರ ತಂದೆತಾಯಿಗೆ ಒಳಬರಲು ಅನುಮತಿ ಕೊಟ್ಟಿತು. ನಾನು ಕಾರಿನಲ್ಲಿ ಅಕ್ಕನ ಮನೆಗೆ ಹೋಗಲು ಸಾಧ್ಯವಾದದ್ದು 2021ರ ನವೆಂಬರ್ 8ರ ನಂತರ. ಹತ್ತೊಂಬತ್ತೂವರೆ ತಿಂಗಳು.

ಮತ್ತೊಂದು ಮಹಾಮಾರಿ ಬರುತ್ತದೆಂದು ಹೆದರಿಸಲು ಇದನ್ನು ಹೇಳುತ್ತಿಲ್ಲ. ಗಡಿ ತೆರೆದಿದ್ದರೂ ಹಲವರ ಪಾಲಿಗೆ ಮುಚ್ಚಿರುತ್ತದೆ: ವೀಸಾ ಮುಗಿದವರಿಗೆ, ಸಂದರ್ಶನದ ದಿನಾಂಕ ಸಿಗದವರಿಗೆ. ಅದಕ್ಕೇ ಯಾರೇ ಕೇಳಲಿ, ನನ್ನ ಮೊದಲ ಮಾತು ಇದು. ನಾಳೆ ಸೇತುವೆ ಮುಚ್ಚಿದರೂ ಈ ಊರಿನಲ್ಲಿ ಬಾಳುವೆ ಮಾಡುತ್ತೀರಾ? ಹೌದು ಅನ್ನಿಸಿದರೆ ಬನ್ನಿ, ಸೇತುವೆ ನಿಮಗೆ ಹೆಚ್ಚಿನ ಲಾಭ. ಇಲ್ಲ ಅನ್ನಿಸಿದರೆ ಊರು ಬೇರೆ ಹುಡುಕಿ.

ವಿಂಡ್ಸರ್‌ನ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಗಟ್ಟಿ. ಇಲ್ಲಿನ ಅನ್ನವೇ ಗಡಿಯ ಮೇಲೆ ನಿಂತಿದೆ. ಕಾರು ಕಾರ್ಖಾನೆ, ಬಿಡಿಭಾಗಗಳ ಕಾರ್ಖಾನೆ, ಅವಕ್ಕೆ ಅಚ್ಚು ಮಾಡಿಕೊಡುವ ಘಟಕಗಳು. ನನ್ನ ಯಜಮಾನರು ಅಂಥ ಒಂದು ಅಚ್ಚಿನ ಘಟಕದಲ್ಲಿ ಇಂಜಿನಿಯರ್. ವಿಂಡ್ಸರ್ ಮತ್ತು ಡೆಟ್ರಾಯಿಟ್ ನಡುವಿನ 1929ರ ಅಂಬಾಸಡರ್ ಸೇತುವೆಯ ಮೇಲೆ ಎರಡು ದೇಶಗಳ ವ್ಯಾಪಾರದ ಸುಮಾರು ಕಾಲು ಭಾಗ ಓಡುತ್ತದೆ ಎನ್ನುತ್ತಾರೆ. 2022ರ ಫೆಬ್ರವರಿಯಲ್ಲಿ ಪ್ರತಿಭಟನಕಾರರು ಅದನ್ನು ಒಂದು ವಾರದಷ್ಟು ತಡೆದಾಗ ಎರಡೂ ಕಡೆಯ ಕಾರ್ಖಾನೆಗಳಲ್ಲಿ ಪಾಳಿ ನಿಂತವು. 2025ರ ಏಪ್ರಿಲ್‌ನಲ್ಲಿ ಅಮೆರಿಕ ಹೊರಗಿನ ಕಾರುಗಳ ಮೇಲೆ ಶೇಕಡಾ 25 ಸುಂಕ ಹಾಕಿದಾಗ ನಮ್ಮ ಬೀದಿಯಲ್ಲಿ ಎಷ್ಟು ಮನೆಗಳಲ್ಲಿ ನಿದ್ದೆ ಬರಲಿಲ್ಲವೋ! ಗಡಿಯೂರಿನಲ್ಲಿ ಮನೆ ಅಗ್ಗ ಎಂದರೆ ಅದಕ್ಕೊಂದು ಕಾರಣವಿರುತ್ತದೆ. ಗಂಡ ಹೆಂಡತಿ ಇಬ್ಬರೂ ಒಂದೇ ಉದ್ಯಮಕ್ಕೆ ಕಟ್ಟಿಕೊಳ್ಳಬೇಡಿ. ನನ್ನ ಸಾಫ್ಟ್‌ವೇರ್ ಕೆಲಸ ಟೊರೊಂಟೊದ ಕಂಪನಿಯದ್ದು, ಮನೆಯಿಂದಲೇ ಮಾಡುವಂಥದ್ದು. ಆ ವರ್ಷ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದೇ.

ಪಶ್ಚಿಮದ ತುದಿಗೆ ಹೋದರೆ ಚಿತ್ರ ಬೇರೆ. ಸಿಯಾಟಲ್‌ನವರು ಕಣ್ಣಿಡುವುದು ವ್ಯಾಂಕೂವರ್, ಸರ್ರೆ, ವೈಟ್ ರಾಕ್ ಕಡೆಗೆ. ಮೈಕ್ರೋಸಾಫ್ಟ್ 2007ರಲ್ಲೇ ವ್ಯಾಂಕೂವರ್ ಪಕ್ಕದ ರಿಚ್ಮಂಡ್‌ನಲ್ಲಿ ಕಚೇರಿ ತೆರೆದದ್ದು, ಅಮೆರಿಕದ ವೀಸಾ ಸಿಗದ ಇಂಜಿನಿಯರುಗಳನ್ನು ಉಳಿಸಿಕೊಳ್ಳಲಿಕ್ಕೂ ಹೌದು. ಚಳಿ ಕಡಿಮೆ, ಮಳೆ ಹೆಚ್ಚು. ಮಲೆನಾಡಿನವರಿಗೆ ಒಗ್ಗುವ ಊರು. ಮನೆಯ ಬೆಲೆ ಮಾತ್ರ ಉಸಿರು ಕಟ್ಟಿಸುತ್ತದೆ. ನನ್ನ ಸ್ನೇಹಿತೆಯೊಬ್ಬಳು ಬಾಡಿಗೆ ತಾಳಲಾರದೆ ಪೂರ್ವಕ್ಕೆ ಸರಿಯುತ್ತ ಸರಿಯುತ್ತ ಆಬಟ್ಸ್‌ಫರ್ಡ್ ಸೇರಿದಳು. ಒಳ್ಳೆಯ ಊರು. 1911ರಲ್ಲಿ ಕಟ್ಟಿದ ಗುರುದ್ವಾರ ಅಲ್ಲಿ ಇನ್ನೂ ನಿಂತಿದೆ, ನಮಗಿಂತ ನೂರು ವರ್ಷ ಮೊದಲು ಬಂದು ಮರದ ಕಾರ್ಖಾನೆಗಳಲ್ಲಿ ದುಡಿದ ಪಂಜಾಬಿಗಳು ಕಟ್ಟಿದ್ದು. ಆ ಮರದ ಕಟ್ಟಡದೆದುರು ನಿಂತಾಗ ನನ್ನ ಕಷ್ಟಗಳೆಲ್ಲ ಸಣ್ಣವಾಗಿ ಕಂಡವು. ಆದರೆ ಆ ಊರಿನ ಒಂದು ಭಾಗ 1924ರಲ್ಲಿ ಬಸಿದು ಒಣಗಿಸಿದ ಸೂಮಾಸ್ ಕೆರೆಯ ಪಾತ್ರ. 2021ರ ನವೆಂಬರ್‌ನಲ್ಲಿ ಅಮೆರಿಕದ ಕಡೆಯ ನೂಕ್ಸ್ಯಾಕ್ ನದಿ ಉಕ್ಕಿ, ಗಡಿ ದಾಟಿ ಬಂದು, ಆ ಬಯಲನ್ನೆಲ್ಲ ಮತ್ತೆ ಕೆರೆ ಮಾಡಿತು. ಕೆರೆ ಅಂಗಳದಲ್ಲಿ ಎದ್ದ ಬೆಂಗಳೂರಿನ ಬಡಾವಣೆಗಳನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಮನೆ ಹಿಡಿಯುವ ಮುನ್ನ ಆ ಜಾಗದಲ್ಲಿ ಹಿಂದೆ ಏನಿತ್ತು ಎಂದು ಹಳಬರನ್ನು ಕೇಳಿ.

ಕ್ವಿಬೆಕ್ ಬಗ್ಗೆ ಎರಡೇ ಮಾತು. ಅಮೆರಿಕದ ವರ್ಮಾಂಟ್‌ಗೆ ಅಂಟಿಕೊಂಡ ಊರುಗಳು ಚೆಂದ. ಆದರೆ ವಲಸೆ ಬಂದವರ ಮಕ್ಕಳು 1977ರ ಕಾನೂನಿನಂತೆ ಫ್ರೆಂಚ್ ಶಾಲೆಗೇ ಹೋಗಬೇಕು. ಮನೆಮಂದಿಯೆಲ್ಲ ಫ್ರೆಂಚ್ ಕಲಿಯಲು ಮನಸ್ಸಿದ್ದರೆ ಹೋಗಿ. ಅಲ್ಲಿನ ಸ್ಟಾನ್‌ಸ್ಟೆಡ್‌ನಲ್ಲಿ ಗಡಿಗೆರೆಯ ಮೇಲೆಯೇ ಕಟ್ಟಿದ ಹ್ಯಾಸ್ಕೆಲ್ ಗ್ರಂಥಾಲಯವಿದೆ. ನೂರಕ್ಕೂ ಹೆಚ್ಚು ವರ್ಷ ಕೆನಡಾದವರು ಅಮೆರಿಕದ ಕಡೆಗಿನ ಮುಂಬಾಗಿಲಿನಿಂದ ಪುಸ್ತಕಕ್ಕೆಂದು ಹೋಗಿಬರುತ್ತಿದ್ದರು. 2025ರಲ್ಲಿ ಆ ರೂಢಿಗೂ ತಡೆ ಬಿತ್ತು.

ಪ್ರಾಂತ್ಯವೇ ಹೆಸರು ಸೂಚಿಸಿ ಪಿಆರ್ ಕೊಡಿಸುವ ಪಿಎನ್‌ಪಿ ದಾರಿಯಲ್ಲಿ ಬರುವವರು ಆ ಪ್ರಾಂತ್ಯದಲ್ಲೇ ನೆಲೆಸುವ ಉದ್ದೇಶವಿದೆ ಎಂದು ಬರೆದುಕೊಟ್ಟಿರುತ್ತೀರಿ. ಪಿಆರ್ ಆದವರಿಗೆ ಯಾವ ಪ್ರಾಂತ್ಯದಲ್ಲಾದರೂ ಇರುವ ಹಕ್ಕನ್ನು ಸಂವಿಧಾನ ಕೊಟ್ಟಿದೆ ನಿಜ. ಹಾಗೆಂದು ಮ್ಯಾನಿಟೋಬಕ್ಕೆ ಮಾತು ಕೊಟ್ಟು ಸೀದಾ ಟೊರೊಂಟೊದಲ್ಲಿ ಇಳಿಯುವುದು ನನಗೆ ಸರಿ ಕಾಣುವುದಿಲ್ಲ. ಆರೋಗ್ಯ ವಿಮೆ ಕೂಡ ಪ್ರಾಂತ್ಯದ್ದು: ಒಂಟಾರಿಯೊ 2020ರಲ್ಲಿ ಮೂರು ತಿಂಗಳ ಕಾಯುವ ಅವಧಿ ತೆಗೆದಿದೆ, ಬ್ರಿಟಿಷ್ ಕೊಲಂಬಿಯಾದಲ್ಲಿ ಬಂದ ತಿಂಗಳು ಕಳೆದು ಇನ್ನೆರಡು ತಿಂಗಳು ಕಾಯಬೇಕು. ಬಸುರಿ ಹೆಂಗಸು ಮನೆಯಲ್ಲಿದ್ದರೆ ಈ ವ್ಯತ್ಯಾಸ ಸಣ್ಣದಲ್ಲ. ಕಾರ್ಡ್ ಸಿಕ್ಕರೂ ಫ್ಯಾಮಿಲಿ ಡಾಕ್ಟರ್ ಸಿಗುವುದು ಬೇರೆ ಕಥೆ. ನಮಗೆ ಎರಡು ವರ್ಷ ಹಿಡಿಯಿತು.

ಹೇಳದೆ ಹೋದರೆ ನನಗೆ ನೆಮ್ಮದಿ ಇರದ ಒಂದು ವಿಷಯವಿದೆ. 2022ರ ಜನವರಿ 19ರಂದು ಮ್ಯಾನಿಟೋಬದ ಎಮರ್ಸನ್ ಬಳಿ, ಗಡಿಯಿಂದ ಕೆಲವೇ ಮೀಟರ್ ಈಚೆಗೆ, ಗುಜರಾತಿನ ಒಂದು ಕುಟುಂಬದ ನಾಲ್ವರು ಹಿಮದಲ್ಲಿ ಹೆಪ್ಪುಗಟ್ಟಿ ಸತ್ತಿದ್ದರು. ಅವರಲ್ಲಿ ಇಬ್ಬರು ಮಕ್ಕಳು. ರಾತ್ರಿ ನಡೆದು ಅಮೆರಿಕ ಸೇರಿಸುತ್ತೇವೆಂದು ಏಜೆಂಟರು ಹೇಳಿದ್ದನ್ನು ನಂಬಿ ಹೊರಟವರು. ‘ಕೆನಡಾಕ್ಕೆ ಬಂದುಬಿಡು, ಅಲ್ಲಿಂದ ಆಚೆ ದಾಟಿಸುವುದು ನಮಗೆ ಬಿಡು’ ಎನ್ನುವವರು ನಮ್ಮ ಊರುಗಳಲ್ಲೂ ಇರಬಹುದು. ನಿಮ್ಮ ಅಣ್ಣ ತಮ್ಮಂದಿರು, ಸೋದರಳಿಯಂದಿರು ಯಾರಾದರೂ ಇಂಥ ಮಾತು ಕೇಳಿ ಬಂದರೆ ಅವತ್ತೇ ತಡೆಯಿರಿ. ಬೈದಾದರೂ ತಡೆಯಿರಿ.

ನಾವು ಈಗಲೂ ವಿಂಡ್ಸರ್‌ನಲ್ಲೇ ಇದ್ದೇವೆ. 2023ರಲ್ಲಿ ಬಾಲ್ಕನಿಯ ಮನೆ ಬಿಟ್ಟು, ನದಿಯಿಂದ ಒಳಗೆ, ಮಗಳ ಶಾಲೆಗೆ ನಡೆದು ಹೋಗುವಷ್ಟು ದೂರದಲ್ಲಿ ಮನೆ ಕೊಂಡೆವು. ನೀವು ನೋಡಲು ಬರುವುದಾದರೆ ಜುಲೈನಲ್ಲಿ ಬರಬೇಡಿ, ಫೆಬ್ರವರಿಯಲ್ಲಿ ಬನ್ನಿ. ಎರಡು ದಿನ ನಮ್ಮಲ್ಲೇ ಉಳಿಯಿರಿ. ಮಂಜು ಗೋರುವುದು, ಶಾಲೆಯ ಬಾಗಿಲಲ್ಲಿ ಕಾಯುವುದು, ಬಸ್ಸಿಗೆ ನಿಲ್ಲುವುದು ಎಲ್ಲ ಮಾಡಿಸುತ್ತೇನೆ.

ಹೋದ ವರ್ಷ ಅಮ್ಮ ತಂದೆತಾಯಿಗಳು ದೀರ್ಘಕಾಲ ಉಳಿಯಲು ಕೊಡುವ ಸೂಪರ್ ವೀಸಾದಲ್ಲಿ ಬಂದರು, ನೇರ ನಮ್ಮ ಮನೆಗೇ. ಒಂದು ಸಂಜೆ ನದಿದಂಡೆಗೆ ಕರೆದುಕೊಂಡು ಹೋದೆ. ಆಚೆ ದಡದ ಕಡೆ ತುಂಬ ಹೊತ್ತು ನೋಡಿ, ‘ಅವತ್ತು ನಾನು ನಿಂತಿದ್ದ ಜಾಗ ಯಾವುದೇ?’ ಎಂದರು. ನಾನು ಬೆರಳು ತೋರಿಸುವ ಮೊದಲೇ ಮಗಳು ತೋರಿಸಿದಳು. ಅವಳಿಗೆ ಆ ದಿನದ ನೆನಪಿಲ್ಲ, ಕಥೆ ಕೇಳಿ ಕೇಳಿ ಗೊತ್ತು.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.